ಎಸೆಯದ ಗುಡ್ಡೆ

ಹಿಂದೆ ಒಮ್ಮೆ ಮುತ್ತಗದಹಳ್ಳಿಯ ಚೌರಪ್ಪನನ್ನು ಅವನದೇ ಎತ್ತು ಹಾಯ್ದು ಕೊಂದಿತು. ನೊಗ ಕಟ್ಟುವಾಗ ಕೊಂಬು ಹೊಟ್ಟೆಗೆ ಇಳಿಯಿತು. ಸಂಜೆಯೊಳಗೆ ಜೀವ ಹೋಯಿತು. ಊರವರು ಆಗ ಹೊಸದಾಗಿ ಕ್ರೈಸ್ತರಾದವರು. ಗುರುಗಳು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ. ಉಳಿದಂತೆ ಉಪದೇಶಿ ಯಾಗಪ್ಪ ಹೇಳಿದ್ದೇ ಶಾಸ್ತ್ರ. ಮನುಷ್ಯನನ್ನು ಕೊಂದ ಎತ್ತನ್ನು ಕಲ್ಲೆಸೆದು ಕೊಲ್ಲಬೇಕು, ಮಾಂಸ ತಿನ್ನಬಾರದು, ಇದು ಬೈಬಲಿನಲ್ಲಿರುವ ಮೋಶೆಯ ಕಟ್ಟಳೆ ಎಂದು ಅವನು ಹೇಳಿದ. ಸತ್ತವನ ಅಣ್ಣ ರಾಯಪ್ಪನಿಗೆ ಅಷ್ಟೇ ಬೇಕಿತ್ತು. ಮನೆಗೊಂದರಂತೆ ಕಲ್ಲು ತರಿಸಿ ಚೌರಪ್ಪನ ಹೊಲದ ಬದುವಿನಲ್ಲಿ ಗುಡ್ಡೆ ಹಾಕಿಸಿದ. ಎತ್ತನ್ನು ಅಲ್ಲೇ ಬೇವಿನ ಮರಕ್ಕೆ ಕಟ್ಟಿದರು.

ಮೊದಲ ಕಲ್ಲು ಚೌರಪ್ಪನ ಹೆಂಡತಿ ಮದಲೇನಮ್ಮನದು ಎಂದು ತೀರ್ಮಾನವಾಯಿತು. ಅವಳಿಗೆ ಸಣ್ಣ ಮಕ್ಕಳು. ಉಳಲು ಆ ಒಂದೇ ಜೋಡಿ ಎತ್ತು. ಮಳೆ ಬಿದ್ದು ನೆಲ ಹದವಾಗಿತ್ತು. ಈಗ ರಾಗಿ ಬಿತ್ತದಿದ್ದರೆ ವರ್ಷವಿಡೀ ಗಂಜಿಯಿಲ್ಲ. ಕಲ್ಲು ಹಿಡಿದು ಅವಳು ನಿಂತೇ ಇದ್ದಳು ಎನ್ನುತ್ತಾರೆ.

“ಎಸಿಯವ್ವ. ಆರತಿ ಎತ್ತೋಕೆ ನಿಂತಿದ್ದೀಯಾ?” ಎಂದು ರಾಯಪ್ಪ ಗದರಿದ.

ಅವಳು ಯಾಗಪ್ಪನ ಕಡೆ ತಿರುಗಿದಳು. “ಉಪದೇಶಿಗಳೇ, ಇದು ಮಾಡಿದ್ದು ಪಾಪವಾ?”

“ಪಾಪವೇ. ಕೊಲೆ.”

“ಹಂಗಾದ್ರೆ ಕ್ರಿಸ್ಮಸ್ಸಿಗೆ ಸ್ವಾಮಿಗಳು ಬರಲಿ. ಅವರ ಹತ್ರ ಪಾಪನಿವೇದನೆ ಮಾಡ್ಕೊಳ್ಳದೆ ಸಾಯಬಾರದು ಅಂತ ನೀವೇ ಕಲಿಸಿದ್ದು. ನನ್ನ ಗಂಡ ಹಂಗೇ ಹೋದ. ಅಷ್ಟು ಸಾಕು.”

ಗುಂಪಿನಲ್ಲಿ ಯಾರೋ ನಕ್ಕರು. ಯಾಗಪ್ಪ ನಗಲಿಲ್ಲ. “ದನಕ್ಕೆ ಆತ್ಮ ಎಲ್ಲಿದೆ, ತಾಯಿ?” ಎಂದ.

“ಆತ್ಮ ಇಲ್ಲದ್ದಕ್ಕೆ ಪಾಪ ಎಲ್ಲಿಂದ ಅಂಟ್ತು?”

ರಾಯಪ್ಪ ತನ್ನ ಕಲ್ಲನ್ನು ಮೇಲೆತ್ತಿದ. ಮದಲೇನಮ್ಮ ಮರದತ್ತ ನಡೆದಳು. ಹತ್ತಿರ ಹೋಗಿ ಕೈಯ ಕಲ್ಲು ಬಿಟ್ಟು, ಹಗ್ಗ ಬಿಚ್ಚಿದಳು. ಜೊತೆಯ ಎತ್ತನ್ನು ತಂದು ನೊಗ ಹೂಡಿದಳು. ಕೊರಳಿಗೆ ಕಣ್ಣಿಹಗ್ಗ ಕಟ್ಟಲು ಬಗ್ಗಿದಾಗ ಅದೇ ಕೊಂಬು ಅವಳ ಹೊಟ್ಟೆಗೆ ತಾಗಿಕೊಂಡಿತ್ತು. ಎತ್ತು ಒಮ್ಮೆ ತಲೆ ಒದರಿತು. ಅವಳು ಗಂಟು ಬಿಗಿದು ಎದ್ದಳು.

ಹೆಂಗಸು ನೇಗಿಲು ಮುಟ್ಟಬಾರದ ಸೀಮೆ ಅದು. ಯಾರೂ ಆ ಮಾತೆತ್ತಲಿಲ್ಲ. ಕಲ್ಲು ಎಸೆದರೆ ಅವಳಿಗೂ ಬೀಳುತ್ತಿತ್ತು. ಹೊತ್ತು ಇಳಿಯುವವರೆಗೆ ಅವಳು ಉತ್ತಳು. ಒಬ್ಬೊಬ್ಬರಾಗಿ ಕಲ್ಲನ್ನು ಗುಡ್ಡೆಗೇ ಹಾಕಿ ಹೋದರು. ಕೊನೆಗೆ ಹೋದವನು ರಾಯಪ್ಪ.

ಕ್ರಿಸ್ಮಸ್ಸಿಗೆ ಬಂದ ಗುರುಗಳು ಎಲ್ಲವನ್ನೂ ಕೇಳಿದರು. “ಅವರವರ ಕಲ್ಲು ಅವರವರು ಮನೆಗೆ ಒಯ್ಯಿರಿ” ಎಂದಷ್ಟೇ ಹೇಳಿದರಂತೆ. ನಾಲ್ಕು ಜನರ ಕಣ್ಣೆದುರು ತನ್ನ ಕಲ್ಲು ಇದು ಎಂದು ಎತ್ತಿಕೊಳ್ಳಲು ಯಾರೂ ಬರಲಿಲ್ಲ.

ಎತ್ತು ಮುದಿಯಾಗಿ ಕೊಟ್ಟಿಗೆಯಲ್ಲಿ ಸತ್ತಿತು. ಬದುವಿನಲ್ಲಿ ಗುಡ್ಡೆ ಈಗಲೂ ಇದೆ. ಎಸೆಯದ ಗುಡ್ಡೆ ಎನ್ನುತ್ತಾರೆ. ಬೇವಿನ ಮರ ಹೋಯಿತು. ಅದರ ಬುಡವಿದ್ದಲ್ಲಿ ಒಂಟಿ ಕಲ್ಲೊಂದು ಬಿದ್ದಿದೆ. ಅದು ಮದಲೇನಮ್ಮ ಕೈಬಿಟ್ಟದ್ದು.