ಮುಳ್ಳುಹಂದಿ ತಂದ ಮೂರನೆಯ ಕಾರ್ಡು

ಕಾಡುಕಾಡುಗಳ ನಡುವೆ ನಡೆಯುವ ಫುಟ್‌ಬಾಲ್ ವಿಶ್ವಕಪ್ಪಿಗೆ ಪ್ರತಿ ಗುಂಪಿನಿಂದ ಒಂದೇ ತಂಡ ಹೋಗಬಹುದಿತ್ತು. ಎರಡು ವರ್ಷಗಳ ಅರ್ಹತಾ ಪಂದ್ಯಗಳು ಮುಗಿದಾಗ ಗುಡ್ಡದ ಕಾಡಿನ ತಂಡವೂ ಹೊಳೆಯಾಚೆಯ ಕಾಡಿನ ತಂಡವೂ ಅಂಕದಲ್ಲಿ, ಗೋಲಿನಲ್ಲಿ ಸರಿಸಮ ನಿಂತವು. ತೀರ್ಪು ಹೇಳಲು ಬಂದ ಕೊಕ್ಕರೆ ನಿಯಮ ಓದಿತು: "ಎಲ್ಲವೂ ಸಮವಾದಲ್ಲಿ, ಹಳದಿ ಕಾರ್ಡು ಕಡಿಮೆ ಪಡೆದವರು ಹೋಗತಕ್ಕದ್ದು. ಹೊಳೆಯಾಚೆಯವರಿಗೆ ಎರಡು, ಗುಡ್ಡದವರಿಗೆ ಮೂರು."

ಗುಡ್ಡದ ನಾಯಕ ಮುಳ್ಳುಹಂದಿ ಆ ಮೂರನ್ನೂ ಮನಸ್ಸಿನಲ್ಲೇ ಎಣಿಸಿತು. ಮೊದಲೆರಡು ಕಾರ್ಡು ಗೋಲು ತಪ್ಪಿಸಲು ಜೊತೆಯವರು ಕಾಲು ಅಡ್ಡ ಕೊಟ್ಟದ್ದಕ್ಕೆ ಬಂದವು. ಮೂರನೆಯದು ಮಾತ್ರ ತಾನೇ ತಂದದ್ದು. ಮೊಲಗಳ ಮೇಲೆ ನಾಲ್ಕು ಗೋಲು ಹೊಡೆದು, ಇನ್ನೇನು ರೆಫರಿ ಕೊನೆಯ ಸೀಟಿ ಊದಬೇಕು ಅನ್ನುವಾಗ ಒಂದು ಮೊಲ ಏನೋ ಅಂದಿತ್ತು. ಸೋತವರ ಮಾತೆಂದು ಬಿಟ್ಟುಬಿಡಬಹುದಿತ್ತು. ಬಿಡದೆ, ಮುಳ್ಳು ನಿಮಿರಿಸಿಕೊಂಡು ಅದರ ಮೇಲೆ ಏರಿಹೋಗಿತ್ತು.

ತಂಡದಲ್ಲಿ ಯಾರೂ ಬೈಯಲಿಲ್ಲ. ಇದೇ ಕೊನೆಯ ಅವಕಾಶವೆಂದು ಕಾದಿದ್ದ ಮುದಿ ಗೋಲ್‌ಕೀಪರ್ ಆಮೆ ಮಾತ್ರ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಮುಳ್ಳುಹಂದಿ ನೇರ ಆ ಮೊಲದ ಪೊದೆಗೆ ನಡೆಯಿತು. "ಅಂದು ನನಗೆ ಏನೆಂದೆ, ಹೇಳು. ಆಮೆಗೆ ನಾನು ಉತ್ತರ ಕೊಡಬೇಕು. ಸಣ್ಣ ಮಾತಂತೂ ಆಗಿರಲಾರದು."

ಮೊಲ ಕಿವಿ ಇಳಿಬಿಟ್ಟಿತು. "ನನಗೆ ನೆನಪಿಲ್ಲ ಅಣ್ಣಾ. ನಿನಗಾದರೂ ಇದೆಯೇ?"

"ಇಲ್ಲ" ಎಂದು ಮುಳ್ಳುಹಂದಿ ಅಲ್ಲೇ ಕುಳಿತುಬಿಟ್ಟಿತು.