ಮಾರಕ್ಕನ ಮೊಳೆ

ಕೇಳುವುದಾದರೆ ಕೂತು ಕೇಳಿ. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ.

ಒಂದು ಪೇಟೆ. ಪೇಟೆಯಲ್ಲಿ ಒಂದು ವಠಾರ. ವಠಾರದ ಕೊನೆಯ ಕೋಣೆಯಲ್ಲಿ ಮಾರಕ್ಕ, ಅವಳ ಮಗ ಓಬಳ. ಮಾರಕ್ಕ ಬಸ್ ಸ್ಟ್ಯಾಂಡಿನ ಹತ್ತಿರ ಬೋಂಡ ಕರಿದು ಮಾರುತ್ತಿದ್ದಳು. ಓಬಳ ಮನೆ ಕಟ್ಟುವ ಕಡೆ ಇಟ್ಟಿಗೆ ಹೊರುತ್ತಿದ್ದ. ಮೈಯಲ್ಲಿ ಎತ್ತಿನ ಬಲ. ತಲೆಯ ವಿಷಯ ಬೇಡ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

ಒಂದು ದಿನ ಮಾರಕ್ಕ ಸತ್ತ ಗಂಡನ ಫೋಟೊ ತೂಗುಹಾಕಲು ಗೋಡೆಗೆ ಮೊಳೆ ಹೊಡೆದಳು. ಸದ್ದು ಕೇಳಿ ವಠಾರದ ಯಜಮಾನ ತಿಮ್ಮರಾಯಪ್ಪ ಪಂಚೆ ಎತ್ತಿಕೊಂಡು ಓಡಿಬಂದ.

“ಏಯ್ ಮಾರಕ್ಕ! ಗೋಡೆ ಯಾರದು?”

“ನಿಮ್ಮದೇ ಯಜಮಾನ್ರೇ.”

“ನನ್ನ ಗೋಡೆಗೆ ನನ್ನ ಕೇಳದೆ ಮೊಳೆ ಹೊಡೀತೀಯಾ? ಕೀಳು!”

ಕಿತ್ತಳು. ಫೋಟೊ ಮತ್ತೆ ಅಕ್ಕಿ ಡಬ್ಬದ ಹಿಂದೆ ಸೇರಿತು.

“ನೋಡಿದೆಯಾ ಓಬಳ? ನಿಮ್ಮಪ್ಪನಿಗೆ ಸತ್ತ ಮೇಲೂ ಜಾಗ ಇಲ್ಲ. ನನಗೆ ಮಹಡಿ ಬೇಡ, ಬಂಗಾರ ಬೇಡ. ಯಾರನ್ನೂ ಕೇಳದೆ ಮೊಳೆ ಹೊಡೆಯೋಕೆ ಸ್ವಂತದ್ದು ಒಂದು ಗೋಡೆ ಇದ್ದರೆ ಸಾಕು ಕಣೋ!”

“ಒಂದು ಗೋಡೆ ಸಾಕಾ ಅವ್ವ?”

“ಸಾಕು.”

“ಆಗಲಿ. ದುಡ್ಡು ಮಾಡೋದು ಹೇಗೆ ಅಂತ ನಾನೇ ಕಲೀತೀನಿ.”

ವಠಾರವೆಲ್ಲ ನಕ್ಕಿತು. ಓಬಳ ನಗಲಿಲ್ಲ.

ಆ ವಾರದ ಕೂಲಿ ಬಂತು. ಓಬಳ ನೋಟುಗಳನ್ನು ಬೀಸಣಿಗೆಯ ಹಾಗೆ ಹಿಡಿದುಕೊಂಡು ಪೇಟೆ ಬೀದಿಯಲ್ಲಿ ಬಂದ. ಒಬ್ಬ “ಟೀ ಕುಡಿಸೋ” ಅಂದ. ಕುಡಿಸಿದ. ಇನ್ನೊಬ್ಬ “ನಾಳೆ ಕೊಡ್ತೀನಿ, ಕೊಡೋ” ಅಂದ. ಕೊಟ್ಟ. ಮನೆ ಮುಟ್ಟುವಾಗ ಕೈಯಲ್ಲಿ ಗಾಳಿ.

“ಅಯ್ಯೋ ದಡ್ಡ ಮುಂಡೇದೇ! ಕೈಗೆ ಬಂದದ್ದನ್ನ ಯಾರಿಗಾದರೂ ತೋರಿಸ್ತಾರಾ? ತಂದ ತಕ್ಷಣ ಮಣ್ಣಲ್ಲಿ ಹುಗಿದಿಡಬೇಕು!”

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಮುಂದಿನ ವಾರ ಮೇಸ್ತ್ರಿಯ ಹತ್ತಿರ ಕಾಸಿರಲಿಲ್ಲ. ಕೂಲಿಗೆ ಬದಲು ಒಂದು ಮೂಟೆ ಸಿಮೆಂಟು ಕೊಟ್ಟ. ಓಬಳ ಹೊತ್ತು ತಂದ. ಯಾರಿಗೂ ತೋರಿಸಲಿಲ್ಲ. ಬಚ್ಚಲ ಹಿಂದೆ ಗುಂಡಿ ತೋಡಿ ಹುಗಿದ. ಬಚ್ಚಲ ನೀರು ಕುಡಿದು ಕುಡಿದು ಸಿಮೆಂಟು ಬಂಡೆಯಾಯಿತು. ಮಾರಕ್ಕ ಹಾರೆ ಹಾಕಿ ನೋಡಿದಳು. ಹಾರೆ ಬಗ್ಗಿತು.

“ಸಿಮೆಂಟನ್ನ ಹುಗೀತಾರೇನೋ! ಮಾರಿದ್ದರೆ ಕಾಸಾಗ್ತಿತ್ತು! ಇರೋದನ್ನ ಸುಮ್ಮನೆ ಇಡಬಾರದು. ಯಜಮಾನನ್ನ ನೋಡಿ ಕಲಿ. ಬಾಡಿಗೆಗೆ ಕೊಟ್ಟು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ!”

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಮಾರನೆಯ ಸಂಜೆ ಮಾರಕ್ಕ ಬೋಂಡದ ಬಾಣಲೆ ಹೊತ್ತುಕೊಂಡು ಮನೆಗೆ ಬಂದಳು. ಬಾಗಿಲಿಗೆ ಮಾವಿನ ತೋರಣ. ಒಳಗೆ ಅವಳ ಒಲೆಯ ಮುಂದೆ ಹೊಸ ಸೀರೆಯ ಹುಡುಗಿ. ಪಕ್ಕದಲ್ಲಿ ಹುಡುಗಿಯ ಗಂಡ. ಪಾತ್ರೆಯಲ್ಲಿ ಹಾಲು ಉಕ್ಕುತ್ತಿತ್ತು.

“ಯಾರಮ್ಮ ನೀವು?”

“ಹೊಸದಾಗಿ ಬಾಡಿಗೆಗೆ ಬಂದಿದ್ದೀವಿ ಅತ್ತೆ. ಬನ್ನಿ, ಒಂದು ಲೋಟ ಹಾಲು ಕುಡೀರಿ. ನೀವು ಎಷ್ಟನೇ ಮನೆಯವರು?”

ಹೊರಗೆ ಜಗಲಿಯ ಮೇಲೆ ಓಬಳ. ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಆ ಗಂಡ ಹೆಂಡಿರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮಾರಕ್ಕನಿಗೆ ಸಾಕಾಯಿತು. ಸುದ್ದಿ ಯಜಮಾನನ ಕಿವಿಗೂ ಬಿತ್ತು. ಅವನು ಹಲ್ಲು ಕಡಿದ.

“ನಮ್ಮದಲ್ಲದ್ದನ್ನ ಬಾಡಿಗೆಗೆ ಕೊಡ್ತಾರೇನೋ, ಪೆದ್ದ! ಮೊದಲು ಕೊಳ್ಳಬೇಕು. ಕೊಳ್ಳೋ ಮುಂಚೆ ಮೂಡಲಿಗೆ ಏನು, ಪಡುವಲಿಗೆ ಏನು, ತೆಂಕಲಿಗೆ ಏನು, ಬಡಗಲಿಗೆ ಏನು ಅಂತ ಕೇಳಬೇಕು. ಸಾಕ್ಷಿ ಹಾಕಿಸಬೇಕು. ಆಮೇಲೆ ಕಾಸು ಬಿಚ್ಚಬೇಕು!”

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಭಾನುವಾರ ಹುಳಿಗೆ ಕುಂಬಳಕಾಯಿ ತರಲು ಕಳಿಸಿದಳು. ಓಬಳ ತರಕಾರಿಯವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಈ ಕಾಯಿಯ ಮೂಡಲಿಗೆ ಏನು?”

“ಬದನೆಕಾಯಿ.”

“ಪಡುವಲಿಗೆ?”

“ನಾನು. ಕಾಣಲ್ವಾ?”

“ತೆಂಕಲಿಗೆ?”

“ಚರಂಡಿ.”

“ಬಡಗಲಿಗೆ?”

“ನಿನ್ನ ತಲೆ! ತಗೊಳ್ಳೋದಾದರೆ ತಗೋ, ಇಲ್ಲದಿದ್ದರೆ ಏಳು!”

“ತಗೋತೀನಿ. ಸಾಕ್ಷಿ ಕರಕೊಂಡು ಬರ್ತೀನಿ, ಇರಿ.”

ಸಾಕ್ಷಿ ಹುಡುಕಿಕೊಂಡು ಬರುವಷ್ಟರಲ್ಲಿ ಕುಂಬಳಕಾಯಿ ಇನ್ನೊಬ್ಬರ ಚೀಲದಲ್ಲಿತ್ತು. ಮಾರಕ್ಕ ಹಣೆ ಚಚ್ಚಿಕೊಂಡಳು.

“ಕುಂಬಳಕಾಯಿಗೆ ಯಾವ ದಿಕ್ಕೋ! ಏನನ್ನೂ ಕೇಳಬೇಡ. ಅವರು ಹೇಳಿದ ಬೆಲೆಯಲ್ಲಿ ಅರ್ಧಕ್ಕೆ ಕೇಳು. ಕೊಡದಿದ್ದರೆ ತಿರುಗಿ ನೋಡದೆ ಹೊರಟುಬಿಡು. ಅವರೇ ಕೂಗಿ ಕರೀತಾರೆ!”

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಅದೇ ಹೊತ್ತಿಗೆ ಮಾರಕ್ಕನಿಗೆ ಚೀಟಿ ದುಡ್ಡು ಬಂತು. ಬೋಂಡದ ಹೊಗೆ ಕುಡಿದು ವರ್ಷಗಟ್ಟಲೆ ಕಟ್ಟಿದ ದುಡ್ಡು. ಮಗನ ಸೊಂಟಕ್ಕೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದಳು. ಅವನ ಸೊಂಟಕ್ಕೆ ಕೈ ಹಾಕುವ ಗಂಡು ಆ ಪೇಟೆಯಲ್ಲಿ ಇರಲಿಲ್ಲ.

“ನೆಟ್ಟಗೆ ಹೋಗಿ ಬ್ಯಾಂಕಿಗೆ ಹಾಕು” ಅಂದು ಬಾಣಲೆ ಎತ್ತಿಕೊಂಡು ಹೋದಳು.

ವಠಾರದ ಬಾಗಿಲಲ್ಲಿ ತಿಮ್ಮರಾಯಪ್ಪ ನಿಂತಿದ್ದ.

“ಲೋ ಓಬಳ! ಮುಂದಿನ ತಿಂಗಳಿಂದ ಬಾಡಿಗೆ ಎರಡರಷ್ಟು. ನಿಮ್ಮವ್ವನಿಗೆ ಹೇಳು.”

“ಅದರಲ್ಲಿ ಅರ್ಧಕ್ಕೆ ಕೊಡ್ತೀರಾ?”

“ಅದು ಹಳೇ ಬಾಡಿಗೆಯೇ ಆಯ್ತಲ್ಲೋ! ಸಾಧ್ಯವಿಲ್ಲ! ಆಗದಿದ್ದರೆ ಖಾಲಿ ಮಾಡಿ!”

ಕೊಡಲಿಲ್ಲ. ಓಬಳ ತಿರುಗಿ ನೋಡದೆ ಹೊರಟ. ಯಜಮಾನ ಕೂಗಲಿಲ್ಲ. ಓಬಳ ನಡೆದ. ಬ್ಯಾಂಕು ದಾಟಿತು. ಬಸ್ ಸ್ಟ್ಯಾಂಡು ಬಂತು. “ಲೋ ಓಬಳಾ! ಎಲ್ಲಿಗೋ?” ಎಂದು ಮಾರಕ್ಕ ಕೂಗಿದಳು. ಕೂಗಬೇಕಾದವನು ಯಜಮಾನ, ಅವ್ವ ಅಲ್ಲ. ಓಬಳ ತಿರುಗಲಿಲ್ಲ. ನಡೆದ.

ಪೇಟೆ ಮುಗಿದು ಹೆದ್ದಾರಿ ಬಂತು. ಹೆದ್ದಾರಿಯ ಪಕ್ಕ ಒಬ್ಬ ಕೊಡೆ ನೆಟ್ಟುಕೊಂಡು ಸೈಟು ಮಾರುತ್ತಿದ್ದ. ಎಲ್ಲ ಮಾರಿ ಒಂದು ತುಂಡು ಉಳಿದಿತ್ತು.

“ಸೈಟು ಬೇಕೇನಪ್ಪಾ?” ಎಂದು ಬೆಲೆ ಹೇಳಿದ.

“ಅರ್ಧಕ್ಕೆ ಕೊಡಿ.”

“ಹೋಗಯ್ಯ ಹೋಗು!”

ಓಬಳ ಹೊರಟ.

“ಏಯ್! ಬಾರಪ್ಪ ಬಾ! ತಗೋ, ಅರ್ಧಕ್ಕೇ ತಗೋ!”

ಕೂಗಿದ! ಅವ್ವನ ಮಾತು ಮೊದಲ ಸಲ ನಿಜವಾಯಿತು. ಓಬಳ ಬೇರೆ ಏನನ್ನೂ ಕೇಳಲಿಲ್ಲ. ಕೇಳಬೇಡ ಅಂದಿದ್ದಳಲ್ಲ. ಅಳತೆ ಕೇಳಲಿಲ್ಲ. ದಿಕ್ಕು ಕೇಳಲಿಲ್ಲ. ಸೊಂಟದ ಗಂಟು ಬಿಚ್ಚಿದ. ಪತ್ರ ಅವ್ವನ ಹೆಸರಿಗೆ ಮಾಡಿಸಿದ.

ತಿಂಗಳು ಮುಗಿಯಿತು. ಎರಡರಷ್ಟು ಬಾಡಿಗೆ ಹುಟ್ಟಲಿಲ್ಲ. ತಿಮ್ಮರಾಯಪ್ಪ ಸಾಮಾನು ಬೀದಿಗೆ ಇಡಿಸಿದ. ಮಾರಕ್ಕ ಬಾಣಲೆ, ಡಬ್ಬ, ಫೋಟೊ ಗಾಡಿಗೆ ಹಾಕಿದಳು. ಕಣ್ಣಲ್ಲಿ ನೀರಿಲ್ಲ. ಬೆಂಕಿ.

“ನಡಿ ಓಬಳ. ಸೈಟು ಕೊಂಡೆ ಅಂದೆಯಲ್ಲ. ಬಯಲಲ್ಲೇ ಮಲಗೋಣ.”

ಯಜಮಾನನೂ ನೋಡಿ ನಗಲು ಹಿಂದೆ ಬಂದ.

ಸೈಟು ಉದ್ದಕ್ಕೆ ಇತ್ತು. ಅಗಲ? ಒಂದು ಮಂಚದಷ್ಟು. ಅದರ ಮೇಲೆ ಹೆದ್ದಾರಿಗೆ ಮುಖ ಮಾಡಿ ನಿಂತಿತ್ತು ಒಂದು ಗೋಡೆ. ಒಂದೇ ಗೋಡೆ. ಬಾಗಿಲಿಲ್ಲ, ಸೂರಿಲ್ಲ, ಇನ್ನು ಮೂರು ಗೋಡೆ ಇಲ್ಲ. ಬುಡದಲ್ಲಿ ಬಚ್ಚಲ ಹಿಂದಿನಿಂದ ಕಿತ್ತು ತಂದ ಸಿಮೆಂಟಿನ ಬಂಡೆ. ಮೇಸ್ತ್ರಿ ಕೂಲಿಗೆ ಬದಲು ಇಟ್ಟಿಗೆ ಕೊಟ್ಟು ದಾರ ಹಿಡಿದಿದ್ದ, ಓಬಳ ಕೆಲಸ ಮುಗಿದ ಮೇಲೆ ದಿನವೂ ಬಂದು ಕಟ್ಟಿದ್ದ.

“ಮಿಕ್ಕ ಮನೆ ಎಲ್ಲೋ?”

“ಒಂದು ಗೋಡೆ ಸಾಕು ಅಂದೆಯಲ್ಲ ಅವ್ವ.”

ತಿಮ್ಮರಾಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರಕ್ಕ ನಗಲಿಲ್ಲ, ಬೈಯಲಿಲ್ಲ. ಗಾಡಿಯಿಂದ ಮೊಳೆ ತೆಗೆದಳು. ಕಲ್ಲು ಎತ್ತಿಕೊಂಡಳು. ಠಣ್! ಠಣ್! ಠಣ್! ಪೇಟೆಗೆ ಕೇಳಬೇಕು, ಹಾಗೆ ಹೊಡೆದಳು. ಗಂಡನ ಫೋಟೊ ನೇತುಹಾಕಿ ಬಂಡೆಯ ಮೇಲೆ ಕೂತಳು.

“ಈಗ ನಗಿ ಯಜಮಾನ್ರೇ. ಗೋಡೆ ನಂದು.”

ಗೋಡೆಗೆ ಎರಡು ತಗಡು ಒರಗಿಸಿದರು. ಮಂಚದಷ್ಟು ಜಾಗದಲ್ಲಿ ಮಂಚ ಹಾಕಿದರು. ಬಾಡಿಗೆ ಇಲ್ಲ, ಯಾರ ಮಾತೂ ಇಲ್ಲ. ಹೆದ್ದಾರಿಯ ಕಡೆಗೆ ಓಬಳ ಹಲಗೆ ಬರೆಸಿ ಹಾಕಿದ: “ಗೋಡೆ ಬಾಡಿಗೆಗೆ ಇದೆ.” ನೋಡಿದವರೆಲ್ಲ ನಕ್ಕರು. ಒಂದು ದಿನ ಸಿಮೆಂಟು ಅಂಗಡಿಯವನು ಬಂದು ತನ್ನ ಜಾಹೀರಾತು ಬರೆಸಿದ. ತಿಂಗಳಿಗಿಷ್ಟು ಅಂತ ಕೊಟ್ಟ. ಆಮೇಲೆ ಬಟ್ಟೆ ಅಂಗಡಿಯವನು ಬಂದ. ಮಾರಕ್ಕ ಹೊಸ ಬಾಣಲೆ ಕೊಂಡಳು.

ಕೊನೆಗೆ ತಿಮ್ಮರಾಯಪ್ಪನೂ ಬಂದ. ಬಾಡಿಗೆ ಏರಿಸಿದ ಮೇಲೆ ವಠಾರದ ಮನೆಗಳು ಖಾಲಿ ಬಿದ್ದಿದ್ದವು. ಕಂಕುಳಲ್ಲಿ “ಮನೆ ಬಾಡಿಗೆಗೆ ಇದೆ” ಎಂಬ ಹಲಗೆ, ಕೈಯಲ್ಲಿ ಸುತ್ತಿಗೆ. ಗೋಡೆಗೆ ಮೊಳೆ ಇಟ್ಟ.

“ಏಯ್ ಯಜಮಾನ್ರೇ!” ತಗಡಿನ ಒಳಗಿಂದ ಮಾರಕ್ಕ. “ಗೋಡೆ ಯಾರದು?”

ಸುತ್ತಿಗೆ ಮೇಲೇ ನಿಂತಿತು.

“ನಿಮ್ಮದೇ... ಮಾರಕ್ಕ. ಮೊಳೆ ಹೊಡೀಲಾ? ಬಾಡಿಗೆ ಎಷ್ಟು?”

“ನನ್ನ ಮಗನ್ನ ಕೇಳಿ. ವ್ಯವಹಾರ ಅವನದು.”

ಓಬಳ ಎದೆಯುಬ್ಬಿಸಿ ಬಂದ. ಬೆಲೆ ಹೇಳಿದ. ಹೇಳಿದವನೇ, “ಅರ್ಧಕ್ಕೆ ಕೊಡ್ತೀರಾ?” ಎಂದು ತಾನೇ ಕೇಳಿದ. “ಸಾಧ್ಯವಿಲ್ಲ!” ಎಂದು ತಾನೇ ಗುಡುಗಿದ. ತಿರುಗಿ ನೋಡದೆ ಹೊರಟೇಬಿಟ್ಟ.

“ಲೋ ಓಬಳಾ!” ಯಜಮಾನ ಹಲಗೆ ಹಿಡಿದುಕೊಂಡು ಹಿಂದೆ ಓಡಿದ. “ನಿಲ್ಲೋ! ಪೂರ್ತಿ ಕೊಡ್ತೀನಿ ಕಣೋ!”

ಮಾರಕ್ಕ ಬಂಡೆಯ ಮೇಲೆ ಕೂತು ಬೋಂಡಕ್ಕೆ ಹಿಟ್ಟು ಕಲಸುತ್ತಿದ್ದಳು. ಮಗನನ್ನು ಕರೆಯಲಿಲ್ಲ.

ಇಬ್ಬರೂ ಹೆದ್ದಾರಿಯ ತಿರುವಿನಲ್ಲಿ ಮರೆಯಾದರು. ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ. ಗೋಡೆ ಅಲ್ಲೇ ಇದೆ. ನಗುವವರು ನಗಿ. ಮೊಳೆ ಹೊಡೆಯುವವರು ಮಾತ್ರ ಮಾರಕ್ಕನನ್ನು ಕೇಳಿ ಹೊಡೆಯಿರಿ.