ಬೆಳಕು ತೋರಿದ ಜಾಗ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಮುಂಗೋಪವನ್ನು ಗುರುತಿಸಿಕೊಂಡೆ, ಬಿಟ್ಟೂಬಿಟ್ಟೆ. ಇನ್ನು ನಾನು ಮಾಡಬೇಕಾದ್ದು ಏನಾದರೂ ಉಳಿದಿದೆಯೇ?"

ಗುರುಗಳು ಹೇಳಿದರು:

ಒಂದು ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹೆಂಗಸೊಬ್ಬಳಿದ್ದಳು. ಎಕ್ಸ್‌ರೇ ಕಿರಣ ಕಣ್ಣಿಗೆ ಕಾಣದು. ಅದು ಎಲ್ಲಿ ಬೀಳಲಿದೆ ಎಂಬುದನ್ನು ಯಂತ್ರದಲ್ಲಿರುವ ದೀಪದ ಬೆಳಕು ರೋಗಿಯ ಮೈಮೇಲೆ ತೋರಿಸುತ್ತದೆ. ಬೆಳಕೂ ಕಿರಣವೂ ಒಂದೇ ಕಡೆ ಬೀಳುತ್ತಿವೆಯೇ ಎಂದು ಅವಳು ಪ್ರತಿ ಸೋಮವಾರ ಪರೀಕ್ಷಿಸುತ್ತಿದ್ದಳು. ಗೆರೆ ಕೊರೆದ ಲೋಹದ ಹಲಗೆಯ ಮೇಲೆ ಬೆಳಕು ಬಿಟ್ಟು, ಚಿತ್ರ ತೆಗೆದು, ಎರಡರ ಅಂಚನ್ನೂ ಹೋಲಿಸುವಳು.

ಒಂದು ಸೋಮವಾರ ಕಿರಣ ಬೆಳಕಿನಿಂದ ಎರಡು ಬೆರಳಿನಷ್ಟು ಸರಿದಿತ್ತು. ಅವಳು ಕೋಣೆಯ ಬಾಗಿಲು ಹಾಕಿದಳು. ರಿಪೇರಿಯವನು ಬಂದು ಸಂಜೆಯೊಳಗೆ ಸರಿಮಾಡಿದ. ಮತ್ತೆ ಪರೀಕ್ಷಿಸಿದಳು. ಅಂಚುಗಳು ಕೂಡಿಬಂದವು.

"ಸದ್ಯ, ಸರಿಯಾಯಿತಲ್ಲ" ಎಂದರು ವೈದ್ಯರು.

"ಯಂತ್ರ ಸರಿಯಾಯಿತು ಸಾರ್. ಕಳೆದ ವಾರ ಬಂದವರ ಗತಿ?"

ವೈದ್ಯರು ಆ ವಾರದ ಚಿತ್ರಗಳನ್ನೆಲ್ಲ ತರಿಸಿದರು. ಇಬ್ಬರೂ ಕೂತು ಒಂದೊಂದಾಗಿ ನೋಡಿದರು. ಬಂಡೆಯಿಂದ ಜಾರಿಬಿದ್ದು ಬಂದಿದ್ದ ಒಬ್ಬ ಕುರಿಗಾಹಿಯ ಚಿತ್ರದಲ್ಲಿ ಸೊಂಟದ ಕೀಲಿನ ಹೊರಭಾಗ ಮೂಡದೆ ಬಿಟ್ಟುಹೋಗಿತ್ತು. ಮೂಳೆ ಮುರಿದಿಲ್ಲ ಎಂದು ಹೇಳಿ ಅವನನ್ನು ಕಳುಹಿಸಿದ್ದರು. "ಇದನ್ನು ನಾನೂ ಗಮನಿಸಬೇಕಿತ್ತು" ಎಂದರು ವೈದ್ಯರು.

ಕುರಿಗಾಹಿಯ ಬಳಿ ಫೋನಿರಲಿಲ್ಲ. ಮಂದೆಯೊಡನೆ ಮೇವು ಹುಡುಕಿ ಊರೂರು ಅಲೆಯುವವನು. ಮರುದಿನ ಅವಳು ರಜೆ ಹಾಕಿ ಹೊರಟಳು. ಬಸ್ಸಿಳಿದ ಕಡೆಯೆಲ್ಲ ಕುರಿಮಂದೆ ಯಾವ ದಿಕ್ಕಿಗೆ ಹೋಯಿತೆಂದು ವಿಚಾರಿಸಿದಳು. ಸುಳಿವು ಸಿಗಲಿಲ್ಲ. ಅದರ ಮರುದಿನವೂ ಹೊರಟಳು. ಕೊನೆಗೆ ಕೊಯ್ಲಾದ ಜೋಳದ ಹೊಲವೊಂದರಲ್ಲಿ, ಕೋಲೂರಿ ಕಾಲೆಳೆಯುತ್ತ ನಡೆಯುತ್ತಿದ್ದ ಅವನನ್ನು ಕಂಡಳು.

"ಅಣ್ಣಾ, ಅವತ್ತು ತೆಗೆದ ಚಿತ್ರ ಪೂರ್ತಿ ಬಂದಿಲ್ಲ. ನನ್ನ ಯಂತ್ರ ಓರೆಯಾಗಿತ್ತು. ಇನ್ನು ಒಂದು ಹೆಜ್ಜೆಯನ್ನೂ ಇಡಬೇಡಿ, ಗಾಡಿ ತರಿಸುತ್ತೇನೆ."

"ಏನೂ ಆಗಿಲ್ಲ ಅಂತ ನೀವೇ ಹೇಳಿದ್ದಿರಲ್ಲ ತಾಯಿ! ಅದನ್ನು ನಂಬಿ ನೋವು ನುಂಗಿಕೊಂಡು ನಡೆದೆ."

ಅವಳು ತಲೆತಗ್ಗಿಸಿದಳು. ಆದರೆ ಅಲ್ಲಿಂದ ಕದಲಲಿಲ್ಲ. ಮಂದೆಯನ್ನು ಜೊತೆಯಲ್ಲಿದ್ದ ಅವನ ಹೆಂಡತಿಗೆ ಒಪ್ಪಿಸುವಂತೆ ಮಾಡಿ, ಅವನನ್ನು ಕರೆದುಕೊಂಡೇ ಬಂದಳು.

ಹೊಸ ಚಿತ್ರದಲ್ಲಿ ಮೂಳೆಯ ಬಿರುಕು ಕಂಡಿತು. ಇನ್ನೂ ನಡೆದಿದ್ದರೆ ಮೂಳೆ ಜಾರಿ, ಅವನು ಜೀವಮಾನವಿಡೀ ಕುಂಟಬೇಕಾಗುತ್ತಿತ್ತು. ಶಸ್ತ್ರಚಿಕಿತ್ಸೆಯಾಯಿತು. ಮುಂಗಾರಿನ ಹೊತ್ತಿಗೆ ಅವನು ಮತ್ತೆ ಮಂದೆಯ ಹಿಂದೆ ನಡೆಯುತ್ತಿದ್ದ.

"ಅವಳದು ದೊಡ್ಡ ಮನಸ್ಸು" ಎಂದ ಶಿಷ್ಯ.

ಗುರುಗಳು ಕೇಳಿದರು: "ನಿನ್ನ ಕೋಪ ತಾಗಿದವರು ಈಗ ಯಾವ ಊರಿನಲ್ಲಿದ್ದಾರೆ?"